ಮೈ ಸವೆಸಿ ಉಳಿಸುವುದು ಸಾಕು
ನನ್ನ ತಲೆಮಾರಿನ ಗೃಹಿಣಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕ-ತಂಗಿಯರೇ,

ಐವತ್ತೈದು ದಾಟಿದ, ಅರವತ್ತು ಕಂಡ, ಎಪ್ಪತ್ತರ ಹೊಸ್ತಿಲಲ್ಲಿರುವ ನಿಮಗೆಲ್ಲ ಈ ಪತ್ರ. ಮನೆಯ ಖರ್ಚಿನ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು ಸಂಸಾರ ದಡ ಹಾಯಿಸಿದವರು ನೀವು. ಈಗ ಮನೆ ಸಾಲ ತೀರಿದೆ, ಮಕ್ಕಳು ಅವರವರ ಕಾಲ ಮೇಲೆ ನಿಂತಿದ್ದಾರೆ. ಪೆನ್ಷನ್ನೋ, ಬಾಡಿಗೆಯೋ, ಠೇವಣಿಯ ಬಡ್ಡಿಯೋ ತಿಂಗಳಿಗೆ ಸರಿಯಾಗಿ ಬರುತ್ತಿದೆ. ಆದರೂ ನಮ್ಮ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಬೀರುವಿನಲ್ಲಿ ರೇಷನ್ ಕಾಲ ಇನ್ನೂ ಮುಗಿದಿಲ್ಲ.

ಉಳಿತಾಯದ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಅದರ ಹೆಸರಿನಲ್ಲಿ ನಾವು ಬಿಡದೆ ನಡೆಸಿಕೊಂಡು ಬಂದ ಕೆಲವು ಅಭ್ಯಾಸಗಳಿಂದ ನಾನು ದಣಿದಿದ್ದೇನೆ. ನಿಮ್ಮಲ್ಲೂ ಬಹಳ ಮಂದಿ ದಣಿದಿದ್ದೀರಿ ಎಂಬುದು ಮದುವೆ ಮನೆಯ ಪಂಕ್ತಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಬಸ್ಸಿನ ಸೀಟಿನಲ್ಲಿ ಕೇಳಿಸಿಕೊಂಡ ಮಾತುಗಳಿಂದ ಗೊತ್ತಾಗಿದೆ. ಬಾಯಿಬಿಟ್ಟು ಹೇಳಲು ನಮಗೆ ಸಂಕೋಚ. ಇಷ್ಟು ವರ್ಷ ಜಾಣತನದಿಂದ ಸಂಸಾರ ತೂಗಿಸಿದವಳು ಎಂಬ ಹೆಸರು ಗಳಿಸಿ, ಈಗ ದುಂದುಗಾರ್ತಿ ಎನಿಸಿಕೊಳ್ಳಬೇಕೇ ಎಂಬ ಅಳುಕು. ಆ ಅಳುಕನ್ನು ಒಬ್ಬರಾದರೂ ಮೊದಲು ಪಕ್ಕಕ್ಕಿಡಬೇಕು. ಹಾಗಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಕೊನೆಯಲ್ಲಿ ಅಕ್ಕಿ ಡಬ್ಬದ ತಳ ಕಾಣುವ ಮನೆಗೆ ಈ ಪತ್ರ ಅಲ್ಲ. ಅಲ್ಲಿ ಮಿತವಾಗಿ ಬದುಕುವುದು ಯಾರೂ ಆರಿಸಿಕೊಂಡ ದಾರಿಯಲ್ಲ. ಅವರಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಕೈಯಲ್ಲಿ ನಾಲ್ಕು ಕಾಸು ಇದ್ದೂ, ಇಲ್ಲದವರಂತೆ ತಮ್ಮನ್ನು ತಾವೇ ದಂಡಿಸಿಕೊಳ್ಳುತ್ತಿರುವವರ ಜೊತೆ ನನ್ನ ಮಾತು.

ನಾವು ಹೀಗಾಗಲು ಬಲವಾದ ಕಾರಣಗಳಿದ್ದವು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಕರೆ ಕೊಟ್ಟಾಗ ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹೊತ್ತಲಿಲ್ಲ. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಗೋಧಿಯನ್ನು ನೆಚ್ಚಿಕೊಂಡಿದ್ದ ದೇಶ ನಮ್ಮದು. ಸೀಮೆಎಣ್ಣೆಗೆ ಕ್ಯೂ, ಸಕ್ಕರೆಗೆ ಕಾರ್ಡು, ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವುದು, ರೇಷನ್ ಅಂಗಡಿಗೆ ಪಾಮೋಲಿನ್ ಬಂತೆಂದರೆ ಬೀದಿಗೆಲ್ಲ ಸುದ್ದಿಯಾಗುವುದು, ಇವನ್ನೆಲ್ಲ ಕಂಡೇ ನಾವು ದೊಡ್ಡವರಾದೆವು. ಒಂದು ಸಂಬಳದಲ್ಲಿ ಎಂಟು ಬಾಯಿ ತುಂಬಿಸಿದ ಅಮ್ಮಂದಿರು ನಮಗೆ ಕಲಿಸಿದ್ದು ಬದುಕುವ ವಿದ್ಯೆ. ಅದನ್ನು ಹೀಗಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಉಳಿತಾಯವನ್ನು ಒಂದು ಕಲೆಯಾಗಿ ಬೆಳೆಸಿದ ನಾಡೂ ನಮ್ಮದೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಉಡುಪಿಯಲ್ಲಿ 1925ರಲ್ಲಿ ಶುರುವಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಂಡಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಹಾಗೇ ಉಳಿದಿದೆ. ಪಿಗ್ಮಿ ಕಟ್ಟಿದ ಹೆಂಗಸರಿಗೆ ಆ ಹಣ ಯಾತಕ್ಕೆ ಎಂಬುದು ಸ್ಪಷ್ಟವಾಗಿ ತಿಳಿದಿತ್ತು. ಮಗಳ ಮದುವೆಗೆ, ಹೊಲಿಗೆ ಯಂತ್ರಕ್ಕೆ, ಸೋರುವ ಮಾಡಿನ ಹೊಸ ಹೆಂಚಿಗೆ. ಕೂಡಿದ್ದನ್ನು ಒಂದು ದಿನ ತೆಗೆದು ಬಳಸುತ್ತಿದ್ದರು. ನಾವು ಕೂಡಿಸುವುದನ್ನು ಚೆನ್ನಾಗಿ ಕಲಿತೆವು, ತೆಗೆದು ಬಳಸುವುದನ್ನು ಕಲಿಯಲಿಲ್ಲ.

ಹಾಗಾದರೆ ನಾನು ದಣಿದಿರುವುದು ಯಾವುದರಿಂದ? ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ.

ಒಲೆಯ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಅದರ ಬಾಯಿಗೆ ಸಣ್ಣ ಜಾಲರಿ, ಮೇಲೊಂದು ಮುಚ್ಚಳ, ಹೊರಮೈಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಜಿಡ್ಡು. ಭಾನುವಾರ ಬಜ್ಜಿ ಕರಿದ ಎಣ್ಣೆ ಅದರೊಳಗೆ ಇಳಿಯುತ್ತದೆ. ಬುಧವಾರ ಅದೇ ಎಣ್ಣೆಯಲ್ಲಿ ಪೂರಿ, ಶನಿವಾರ ಹಪ್ಪಳ ಸಂಡಿಗೆ. ನಡುನಡುವೆ ಹೊಸ ಎಣ್ಣೆ ಸುರಿದು ಹಳೆಯದಕ್ಕೆ ಜೀವ ಕೊಡುತ್ತೇವೆ. ಹದಿನೈದು ದಿನದಲ್ಲಿ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಬಾಣಲೆಗೆ ಹಾಕಿದ ಕೂಡಲೇ ನೊರೆಯೆದ್ದು ಹೊಗೆಯಾಡುತ್ತದೆ. ಆಗಲೂ ಚೆಲ್ಲಲು ಕೈ ಬರುವುದಿಲ್ಲ. ಒಗ್ಗರಣೆಗಾದರೂ ಆಗುತ್ತದೆ ಎನ್ನುತ್ತೇವೆ.

ಎಣ್ಣೆ ಮತ್ತೆ ಮತ್ತೆ ಕಾದಾಗ ಅದರಲ್ಲಿ ಒಡೆದುಹೋದ ಕೊಬ್ಬಿನ ಅಂಶಗಳು ಹೆಚ್ಚುತ್ತಾ ಹೋಗುತ್ತವೆ. ಇವುಗಳ ಪ್ರಮಾಣ ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಹೋಟೆಲಿನ ಎಣ್ಣೆಯನ್ನು ಪರೀಕ್ಷಿಸಲು ಅಧಿಕಾರಿಗಳಿದ್ದಾರೆ. ನಮ್ಮ ಸ್ಟೀಲ್ ಡಬ್ಬಿಯನ್ನು ನೋಡುವವರು ಯಾರೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಸಲಹೆ ಸರಳವಾಗಿದೆ: ಕರಿದ ಎಣ್ಣೆಯನ್ನು ಸೋಸಿ ಪಲ್ಯ, ಸಾರಿಗೆ ಬಳಸಬಹುದು. ಅದೂ ಒಂದೆರಡು ದಿನದೊಳಗೆ. ಮತ್ತೆ ಕರಿಯಲು ಬೇಡ. ಲೀಟರಿಗೆ ನೂರೈವತ್ತು ರೂಪಾಯಿ ಎಂದು ಹಿಡಿದರೆ, ಡಬ್ಬಿಯಲ್ಲಿ ಉಳಿದ ಇನ್ನೂರು ಮಿಲಿಲೀಟರಿನ ಬೆಲೆ ಮೂವತ್ತು ರೂಪಾಯಿ. ಈ ಮೂವತ್ತು ರೂಪಾಯಿಗಾಗಿ ನಮ್ಮ ಗಂಡಂದಿರ ಹೃದಯವನ್ನೂ ನಮ್ಮದನ್ನೂ ಯಾಕೆ ಪಣಕ್ಕಿಡಬೇಕು? ಮುಂದಿನ ಸಲ ಕರಿಯುವಾಗ ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಡೋಣ. ಎಣ್ಣೆಯೂ ಉಳಿಯುತ್ತದೆ, ಡಬ್ಬಿಯ ಗೊಡವೆಯೂ ತಪ್ಪುತ್ತದೆ.

ಎರಡನೆಯದು ತಂಗಳು. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ, ಉಪ್ಪಿನಕಾಯಿ ಜೊತೆ ಉಣ್ಣುವುದು ಹುಳಿ ಬರಿಸುವ ಹಳೆಯ ಪದ್ಧತಿ, ಅದರ ರುಚಿಯೇ ಬೇರೆ. ನಾನು ಹೇಳುತ್ತಿರುವುದು ರಾತ್ರಿಯಿಡೀ ಕಟ್ಟೆಯ ಮೇಲೆ ಒಣಗಾಗಿ ಬಿದ್ದಿದ್ದ ಅನ್ನದ ಬಗ್ಗೆ, ಮೂರು ದಿನ ಕುದಿಸಿ ಕುದಿಸಿ ಇಟ್ಟ ಸಾಂಬಾರಿನ ಬಗ್ಗೆ. ಚೆನ್ನಾಗಿ ಬಿಸಿ ಮಾಡಿದರೆ ಏನೂ ಆಗುವುದಿಲ್ಲ ಎಂದು ನಾವು ನಂಬಿದ್ದೇವೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನ ತಾಸುಗಟ್ಟಲೆ ಹೊರಗೇ ಇದ್ದರೆ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಹೊರಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಎರಡು ತಾಸಿನೊಳಗೆ ಅಗಲ ಪಾತ್ರೆಗೆ ಹರವಿ ಫ್ರಿಜ್ಜಿಗೆ ಸೇರಿಸಿದರೆ ಮರುದಿನದ ಚಿತ್ರಾನ್ನಕ್ಕೆ ಧಕ್ಕೆಯಿಲ್ಲ. ಆದರೆ ಕರೆಂಟ್ ಉಳಿಸಲು ರಾತ್ರಿ ಫ್ರಿಜ್ಜನ್ನೇ ಆರಿಸುವ ಮನೆಗಳಿವೆಯಲ್ಲ, ಅಲ್ಲಿ ಫ್ರಿಜ್ಜಿದ್ದೂ ಇಲ್ಲದಂತೆ.

ತಂಗಳು ಯಾರ ತಟ್ಟೆಗೆ ಬೀಳುತ್ತದೆ ಎಂಬುದನ್ನೂ ನೋಡಿ. ಬಿಸಿ ಅನ್ನ ಗಂಡನಿಗೆ, ಮೊಮ್ಮಕ್ಕಳಿಗೆ. ನಿನ್ನೆಯದು ನಮಗೆ. ಸಾರಿನಲ್ಲಿ ಕೊನೆಗೆ ಉಳಿದ ನೀರು ನಮಗೆ, ತಳದ ಕಾಳು ಅವರಿಗೆ. ಹಾಳಾಗಬಾರದಲ್ಲ ಎಂದು ಹೊಟ್ಟೆ ತುಂಬಿದ ಮೇಲೂ ಪಾತ್ರೆ ಬಳಿದು ತಿನ್ನುವವರು ನಾವು. ಹಣ್ಣಿನ ಬುಟ್ಟಿಯಲ್ಲಿ ಕೊಳೆಯಲು ಶುರುವಾದದ್ದನ್ನು ಮೊದಲು ತಿನ್ನುವವರೂ ನಾವೇ. ಹಾಗಾಗಿ ದಿನವೂ ಕೊಳೆಯಲು ಶುರುವಾದದ್ದೇ ನಮ್ಮ ಪಾಲಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅದಕ್ಕೆ ಕಾರಣಗಳು ಹಲವು. ಆದರೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಯನ್ನು ನಮ್ಮ ಹೆಣ್ಣುಮಕ್ಕಳಿಗೂ ಸೊಸೆಯಂದಿರಿಗೂ ದಾಟಿಸುತ್ತಾ, ಅದನ್ನು ಮಿತವ್ಯಯ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಮೂರನೆಯದು ಮಾತ್ರೆ. ನಮ್ಮ ವಯಸ್ಸಿನವರು ನಾಲ್ವರು ಸೇರಿದರೆ ಇಬ್ಬರಿಗಾದರೂ ಬಿಪಿ ಇಲ್ಲವೇ ಸಕ್ಕರೆ ಕಾಯಿಲೆ. ಇವತ್ತು ಚೆನ್ನಾಗಿದ್ದೇನೆ ಎಂದು ಒಂದು ದಿನ ಬಿಡುವುದು, ತಿಂಗಳ ಮಾತ್ರೆಯನ್ನು ಒಂದೂವರೆ ತಿಂಗಳಿಗೆ ಎಳೆಯುವುದು, ಡಾಕ್ಟರನ್ನು ಕೇಳದೆ ಅರ್ಧ ಮಾಡಿ ನುಂಗುವುದು, ಇವು ನಮ್ಮಲ್ಲಿ ಸಾಮಾನ್ಯ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿರುವ ಮಾತ್ರೆಗಳಲ್ಲಿ ಔಷಧ ಇಡೀ ದಿನ ನಿಧಾನವಾಗಿ ಇಳಿಯುವ ಹಾಗೆ ಮಾಡಿರುತ್ತಾರೆ. ಅಂಥದ್ದನ್ನು ಪುಡಿ ಮಾಡಿದರೆ, ಮನಸ್ಸಿಗೆ ಬಂದಂತೆ ತುಂಡರಿಸಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರಬಹುದು. ಹೋದ ವರ್ಷದ ಆ್ಯಂಟಿಬಯೋಟಿಕ್ ಸ್ಟ್ರಿಪ್ಪಿನಲ್ಲಿ ಉಳಿದ ಮೂರು ಗುಳಿಗೆಯನ್ನು ಈ ವರ್ಷದ ಜ್ವರಕ್ಕೆ ನುಂಗುವುದು, ಪಕ್ಕದ ಮನೆಯವಳಿಗೂ ಕೊಡುವುದು ಇನ್ನೊಂದು ಅಪಾಯ. ಔಷಧದ ಖರ್ಚು ಇಳಿಸಲು ನೇರವಾದ ದಾರಿಯಿದೆ. 2008ರಲ್ಲಿ ಶುರುವಾದ ಜನೌಷಧಿ ಮಳಿಗೆಗಳು ಈಗ ಸಣ್ಣ ಊರುಗಳಲ್ಲೂ ಇವೆ. ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧ ಅಲ್ಲಿ ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಡಾಕ್ಟರ ಹತ್ತಿರ ಔಷಧದ ಮೂಲ ಹೆಸರು ಬರೆಸಿಕೊಂಡು ಹೋಗಿ. ಹಣ ಉಳಿಯಲಿ, ಮಾತ್ರೆ ಮಾತ್ರ ಪೂರ್ತಿ ಹೊಟ್ಟೆಗೆ ಹೋಗಲಿ.

ನಾಲ್ಕನೆಯದು ಕತ್ತಲು. ರಾತ್ರಿ ಎದ್ದು ದೀಪ ಹಾಕದೆ ಗೋಡೆ ತಡವುತ್ತಾ ಬಚ್ಚಲಿಗೆ ಹೋಗುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಮನೆಯಲ್ಲಿ 60 ವ್ಯಾಟಿನ ಬಲ್ಬು ಉರಿಯುತ್ತಿದ್ದಾಗ ಒಂದು ಯೂನಿಟ್ ಕರೆಂಟಿಗೆ ಹದಿನೇಳು ತಾಸೂ ಬೆಳಕು ಬರುತ್ತಿರಲಿಲ್ಲ. 2015ರಿಂದ ಸರ್ಕಾರವೇ ಅಗ್ಗದ ದರದಲ್ಲಿ ಎಲ್‌ಇಡಿ ಹಂಚಿತು. ಈಗಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್ಟಿಗೆ 111 ತಾಸು ಉರಿಯುತ್ತದೆ. ಇಡೀ ರಾತ್ರಿ ಎಂಟು ತಾಸು ಬಿಟ್ಟರೂ, ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೆ, ಐವತ್ತು ಪೈಸೆಯೂ ಆಗುವುದಿಲ್ಲ. ಹಳೆಯ 75 ವ್ಯಾಟಿನ ಫ್ಯಾನು ಎಂಟು ತಾಸು ತಿರುಗಿದರೆ ಮೂರು ರೂಪಾಯಿ ಅರವತ್ತು ಪೈಸೆ. 2023ರಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲೇ ಬಾರದ ಮನೆಗಳಲ್ಲೂ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಸೆರಗಿನಿಂದ ಗಾಳಿ ಹಾಕಿಕೊಳ್ಳುವ ಹಿರಿಯರನ್ನು ನಾನು ನೋಡಿದ್ದೇನೆ. ಮೂಳೆ ಸವೆದ ವಯಸ್ಸಿನಲ್ಲಿ ಕತ್ತಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದರೆ ಆಪರೇಷನ್, ತಿಂಗಳುಗಟ್ಟಲೆ ಹಾಸಿಗೆ, ಆಮೇಲೆ ವಾಕರ್. ಐವತ್ತು ಪೈಸೆ ಉಳಿಸಲು ಹೋಗಿ ಅಷ್ಟು ದೊಡ್ಡ ಸಾಲ ತಲೆಮೇಲೆ ಎಳೆದುಕೊಳ್ಳುವುದು ಯಾವ ಲೆಕ್ಕ?

ಗ್ಯಾಸಿನ ಪೈಪಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ಬೆಲೆ ಇನ್ನೂರು ರೂಪಾಯಿಯ ಆಸುಪಾಸು. ಇವತ್ತೇ ಒಲೆಯ ಹಿಂದೆ ಬಗ್ಗಿ ನೋಡಿ. ಪೈಪಿನ ಮೇಲೆ ಅಚ್ಚಾದ ವರ್ಷ ಓದಿ. ಬಿರುಕು ಬಿಟ್ಟಿದ್ದರೆ, ಇಲಿ ಕಡಿದಿದ್ದರೆ, ಟೇಪು ಸುತ್ತಿ ದಿನ ದೂಡುತ್ತಿದ್ದರೆ ನಾಳೆಗೆ ಇಡಬೇಡಿ. ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಸಡಿಲಾದ ಕುಕ್ಕರ್ ಗ್ಯಾಸ್ಕೆಟ್ಟಿಗೂ, ತೊಗಟೆ ಕಿತ್ತ ಇಸ್ತ್ರಿಪೆಟ್ಟಿಗೆಯ ವೈರಿಗೂ ಇದೇ ಮಾತು. ಬೆಂಕಿ ಮತ್ತು ಕರೆಂಟಿನ ವಿಷಯದಲ್ಲಿ ಜುಗ್ಗತನ ಬೇಡ.

ಇನ್ನು ಸಮಯ. ನಮ್ಮ ಉಳಿತಾಯದ ಬಹುಪಾಲು ನಡೆಯುವುದು ನಮ್ಮ ಸಮಯದ ಮೇಲೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು ಕೊಡುವುದು 88 ನಿಮಿಷ. ಟೊಮೆಟೊ ಕಿಲೋಗೆ ಐದು ರೂಪಾಯಿ ಕಡಿಮೆ ಎಂದು ಎರಡು ಕಿಲೋಮೀಟರ್ ನಡೆದು, ಎರಡೂ ಕೈಯಲ್ಲಿ ಚೀಲ ಹೊತ್ತು, ನೋಯುವ ಮಂಡಿಯಲ್ಲಿ ಮೆಟ್ಟಿಲು ಹತ್ತುವುದು ಈ ಲೆಕ್ಕದಲ್ಲಿದೆ. ಮನೆಯಲ್ಲಿ ವಾಷಿಂಗ್ ಮೆಷಿನ್ ಇದ್ದೂ ಬೆಡ್‌ಶೀಟನ್ನು ಕಲ್ಲಿಗೆ ಬಡಿಯುವುದು, ಮಿಕ್ಸಿ ಇದ್ದೂ ಸ್ವಲ್ಪವೇ ತಾನೇ ಎಂದು ಕುಟ್ಟಾಣಿ ಹಿಡಿಯುವುದು, ಸಂಜೆ ಪೂರ್ತಿ ಕೂತು ಹರಿದ ಒಳಬಟ್ಟೆಗೆ ತೇಪೆ ಹಾಕುವುದು ಎಲ್ಲವೂ ಇದೆ. ಮನೆಗೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡರೆ ಅವಳ ಸಂಬಳ ದಂಡ ಎಂದು ಭಾವಿಸುತ್ತೇವೆ. ನ್ಯಾಯವಾದ ಸಂಬಳ ಕೊಟ್ಟರೆ ಅವಳ ಮನೆಯ ಒಲೆಯೂ ಉರಿಯುತ್ತದೆ, ನಮ್ಮ ಬೆನ್ನಿಗೂ ವಿರಾಮ ಸಿಗುತ್ತದೆ.

ನಮ್ಮ ಆಸೆಗಳನ್ನು ನಾವು ಎಷ್ಟು ಅದುಮಿಟ್ಟಿದ್ದೆವು ಎಂಬುದಕ್ಕೆ ಒಂದು ದೊಡ್ಡ ಸಾಕ್ಷಿ ನಮ್ಮ ಕಣ್ಣ ಮುಂದೆಯೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಬೇಡವಾದಾಗ, ಧರ್ಮಸ್ಥಳ, ಕೊಲ್ಲೂರು, ಸವದತ್ತಿ, ಮಲೆ ಮಹದೇಶ್ವರ ಬೆಟ್ಟಗಳಿಗೆ ಹೊರಟ ಹೆಂಗಸರಿಂದ ಬಸ್ಸುಗಳು ತುಂಬಿದವು. ಅದನ್ನು ನೋಡಿ ನಕ್ಕವರಿದ್ದರು. ನನಗೆ ಕಂಡದ್ದು ಬೇರೆ. ಟಿಕೆಟ್ಟಿನ ದುಡ್ಡು ಉಳಿಯಲಿ ಎಂದು ತಂಗಿಯ ಮನೆಗೆ ಹೋಗದೆ, ತವರಿಗೆ ಹೋಗದೆ, ಹೊತ್ತ ಹರಕೆ ತೀರಿಸದೆ ಎಷ್ಟು ವರ್ಷ ಎಷ್ಟು ಸಾವಿರ ಹೆಂಗಸರು ಮನೆಯಲ್ಲೇ ಉಳಿದಿದ್ದರು! ಅವರಲ್ಲಿ ಎಷ್ಟೋ ಮಂದಿಗೆ ಟಿಕೆಟ್ ಕೊಳ್ಳುವ ಶಕ್ತಿ ಮೊದಲೂ ಇತ್ತು. ತಮಗಾಗಿ ಖರ್ಚು ಮಾಡುವ ಅಭ್ಯಾಸ ಇರಲಿಲ್ಲ, ಅಷ್ಟೆ.

ಬೀರು ತೆರೆದರೂ ಇದೇ ಕಥೆ. ಮಗ ಮೊದಲ ಸಂಬಳದಲ್ಲಿ ತಂದ ಮೈಸೂರು ರೇಷ್ಮೆ ಸೀರೆ ನುಸಿಗುಳಿಗೆಯ ಜೊತೆ ಮಲಗಿದೆ. ಮಡಿಕೆಯ ಗೆರೆಯಲ್ಲೇ ಜರಿ ಕಪ್ಪಾಗಿ ಎಳೆ ಬಿಡುತ್ತಿದೆ. ಗಾಜಿನ ಲೋಟಗಳು ನೆಂಟರಿಗೆ, ಬಾಯಿ ಮುರಿದದ್ದು ನಮಗೆ. ಹೊಸ ಟವೆಲ್ ಆಸ್ಪತ್ರೆಗೆ ಸೇರುವ ದಿನಕ್ಕಂತೆ! ಇದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಒಳ್ಳೆಯದನ್ನು ಬಳಸಲು ರೋಗ ಬರಬೇಕೇ? ಆ ಸೀರೆ ಉಟ್ಟರೆ ಸವೆಯುತ್ತದೆ ನಿಜ. ಉಡದೆಯೂ ಸವೆಯುತ್ತಿದೆ.

ಹಣದ ವಿಷಯದಲ್ಲಿ ಇದು ಇನ್ನೂ ನೋವಿನ ಸಂಗತಿ. ಹತ್ತು ವರ್ಷ ಯಾರೂ ಮುಟ್ಟದ, ಯಾರೂ ಕೇಳದ ಬ್ಯಾಂಕ್ ಠೇವಣಿಗಳನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತಾರೆ. 2024ರ ಮಾರ್ಚ್ ಕೊನೆಗೆ ಆ ನಿಧಿಯಲ್ಲಿ 78 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಇತ್ತು. ಅದರಲ್ಲಿ ಎಲ್ಲ ಬಗೆಯ ಖಾತೆಗಳ ಹಣವೂ ಸೇರಿದೆ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿ, ಯಾರಿಗೂ ಹೇಳದೆ, ನಾಮಿನಿ ಬರೆಸದೆ ಕಣ್ಣು ಮುಚ್ಚಿದವರ ಠೇವಣಿಗಳೂ ಅದರಲ್ಲಿ ಇಲ್ಲದೆ ಇಲ್ಲ. 2023ರಲ್ಲಿ ರಿಸರ್ವ್ ಬ್ಯಾಂಕ್ ತೆರೆದ ಉದ್ಗಮ್ ಪೋರ್ಟಲ್ಲಿನಲ್ಲಿ ಹೆಸರು ಹಾಕಿ ಅಂಥ ಹಣ ಹುಡುಕಬಹುದು. ನಿಮ್ಮ ಅಪ್ಪ ಅಮ್ಮನ ಹೆಸರಿನಲ್ಲಿ ಒಮ್ಮೆ ಮಕ್ಕಳಿಂದ ಹುಡುಕಿಸಿ. ನಿಮ್ಮ ಪಾಸ್‌ಬುಕ್ಕು, ಬಾಂಡು, ಅಂಚೆ ಕಚೇರಿಯ ಸರ್ಟಿಫಿಕೇಟುಗಳ ಪಟ್ಟಿ ಬರೆದು ಒಬ್ಬ ನಂಬಿಗಸ್ಥರಿಗೆ ತಿಳಿಸಿ. ಮತ್ತು ಅದರಲ್ಲಿ ಒಂದು ಪಾಲನ್ನು ನಿಮ್ಮ ಕಣ್ಣಿಗೆ, ಕಿವಿಗೆ, ಹಲ್ಲಿಗೆ, ಮಂಡಿಗೆ ಎತ್ತಿಡಿ. ಪೊರೆ ಬಂದ ಕಣ್ಣಿನಲ್ಲಿ ಇನ್ನೊಂದು ವರ್ಷ ತಳ್ಳೋಣ ಎನ್ನುವವರೇ, ಆ ವರ್ಷವನ್ನು ನೀವು ಮಸುಕಾಗಿ ನೋಡುತ್ತೀರಿ. ಅದು ತಿರುಗಿ ಬರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಬಿಡೋಣವೇ? ಖಂಡಿತ ಬೇಡ. ಹೀರೆಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿಭಾಗದ ದೋಸೆ, ಹಲಸಿನ ಬೀಜದ ಪಲ್ಯ ನಮ್ಮ ನಾಡು ಜಗತ್ತಿಗೆ ಹೆಮ್ಮೆಯಿಂದ ತೋರಿಸಬೇಕಾದ ಅಡುಗೆಗಳು. ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿಯುವ ಉತ್ತರ ಕರ್ನಾಟಕದ ಕೌದಿ ಬೆಚ್ಚಗೂ ಹೌದು, ಚೆಂದವೂ ಹೌದು. ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಗಲಿ. ಬಟ್ಟೆಚೀಲ ಹೆಗಲಲ್ಲಿರಲಿ. ಕೆಟ್ಟ ಮಿಕ್ಸಿ ರಿಪೇರಿ ಅಂಗಡಿಗೆ ಹೋಗಲಿ. ನಲ್ಲಿ ತೊಟ್ಟಿಕ್ಕಿದರೆ ನಾವೇ ಮೊದಲು ಏಳೋಣ. ಹೊಸ ಮೊಬೈಲು ಬಂತೆಂದು ಒಳ್ಳೆಯದನ್ನು ಎಸೆಯುವವರಿಗೆ ಬುದ್ಧಿ ಹೇಳೋಣ. ಇವು ಯಾರ ಆರೋಗ್ಯವನ್ನೂ ಬಲಿ ಕೇಳುವುದಿಲ್ಲ. ಭೂಮಿಗೂ ಒಳ್ಳೆಯದು, ಮನಸ್ಸಿಗೂ ಖುಷಿ. ಇವುಗಳಿಂದ ನಾನು ಒಂದು ದಿನವೂ ದಣಿದಿಲ್ಲ.

ಮಿತವಾಗಿ ಬದುಕುವುದಕ್ಕೆ ನಮ್ಮಲ್ಲಿ ಆಯ್ದಕ್ಕಿ ಲಕ್ಕಮ್ಮನಿಗಿಂತ ದೊಡ್ಡ ಮಾದರಿ ಬೇರಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಬೇಕಾದದ್ದಕ್ಕಿಂತ ಇದು ಹೆಚ್ಚಾಯಿತು, ಹಿಂದಿರುಗಿಸಿ ಬನ್ನಿ ಎಂದು ಅವಳು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಅವಳು ಮನೆಯಲ್ಲಿ ಕೂಡಿಹಾಕಿ ತಾನು ಹಸಿದಿರಲಿಲ್ಲ. ಇದ್ದಷ್ಟನ್ನು ಬೇಯಿಸಿ ಉಂಡಳು, ಬಂದವರಿಗೆ ಬಡಿಸಿದಳು. ಅವಳಿಗೆ ನಾಳೆಯ ಹೆದರಿಕೆ ಇರಲಿಲ್ಲ. ನಮ್ಮ ಎಷ್ಟೋ ಅಭ್ಯಾಸಗಳ ಬೇರು ಇರುವುದು ಆ ಹೆದರಿಕೆಯಲ್ಲಿ. ಬಡತನ ಹೋದ ಮೇಲೂ ಬಡತನದ ಭಯ ನಮ್ಮೊಳಗೆ ಉಳಿದಿದೆ. ಆ ಭಯಕ್ಕೆ ನಾವು ಜಾಣತನ ಎಂಬ ಹೆಸರಿಟ್ಟುಕೊಂಡಿದ್ದೇವೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ನಾನು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಹಣ ಉಳಿಯುತ್ತಿರುವುದು ಯಾರ ಮೈಯಿಂದ? ಉತ್ತರದಲ್ಲಿ ಯಾರದ್ದೋ ಹೃದಯ, ಬೆನ್ನು, ಕಣ್ಣು, ನಿದ್ದೆ ಬಂದರೆ ಅದು ಉಳಿತಾಯದ ಪಟ್ಟಿಯಿಂದ ಹೊರಗೆ. ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಬಹುತೇಕ ಒಂದೇ, ಅಮ್ಮ. ಗಂಡಂದಿರೇ, ಮಕ್ಕಳೇ, ಈ ಪತ್ರ ನಿಮ್ಮ ಕೈಗೂ ಸಿಕ್ಕಿದ್ದರೆ ಜುಗ್ಗತನ ಬಿಡು ಎಂದು ಅಮ್ಮನಿಗೆ ಪಾಠ ಹೇಳಬೇಡಿ. ಅವಳು ತಂಗಳು ತಿಂದ ದಿನಗಳಿಂದಲೇ ನಿಮ್ಮ ಫೀಸು ಕಟ್ಟಿದ್ದು. ಅವಳ ತಟ್ಟೆಗೆ ಮೊದಲು ಬಿಸಿ ಅನ್ನ ಬಡಿಸಿ, ಅಷ್ಟು ಸಾಕು.

ಅಕ್ಕ-ತಂಗಿಯರೇ, ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಿ ಎನ್ನುತ್ತಿಲ್ಲ. ಈ ವಾರ ಆ ಎಣ್ಣೆ ಡಬ್ಬಿಯನ್ನು ಖಾಲಿ ಮಾಡಿ ತೊಳೆದಿಡಿ. ಗ್ಯಾಸ್ ಪೈಪಿನ ವರ್ಷ ನೋಡಿ. ಬಚ್ಚಲ ದಾರಿಗೊಂದು ರಾತ್ರಿ ದೀಪ ಹಾಕಿಸಿ. ಮಾತ್ರೆ ಪೂರ್ತಿ ನುಂಗಿ. ಮುಂದೂಡಿದ ಒಂದು ಚಿಕಿತ್ಸೆಗೆ ದಿನ ಗೊತ್ತು ಮಾಡಿ. ನೀವು ಉಳಿಸಿದ್ದು ನಿಮ್ಮದು. ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಡ.

ಪ್ರೀತಿಯಿಂದ,
ನಿಮ್ಮದೇ ತಲೆಮಾರಿನ ಒಬ್ಬಳು